ಎರಡು, ಮೂರು ಅಂಕಿಗಳ ಸಂಕಲನ ಮತ್ತು ವ್ಯವಕಲನ: ಮಕ್ಕಳಿಗೆ ಕಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದಂಕಿಯ ಲೆಕ್ಕಗಳನ್ನು ಸಲೀಸಾಗಿ ಮಾಡುತ್ತಿದ್ದ ಮಗು ಎರಡು ಅಂಕಿಗಳ ಸಂಖ್ಯೆಗಳಿಗೆ ಬಂದೊಡನೆ ತಡವರಿಸುವುದನ್ನು ಪೋಷಕರೂ ಶಿಕ್ಷಕರೂ ಮತ್ತೆ ಮತ್ತೆ ಕಾಣುತ್ತಾರೆ. ಇದನ್ನು ಅಲಕ್ಷ್ಯವೆಂದೋ ಅಭ್ಯಾಸದ ಕೊರತೆಯೆಂದೋ ತಿಳಿಯುವವರೇ ಹೆಚ್ಚು. ಆದರೆ ಹತ್ತು ಬಿಡಿಗಳನ್ನು ಸೇರಿಸಿ ಒಂದು ಹತ್ತನ್ನಾಗಿ ಕಟ್ಟಬಹುದು, ಬೇಕೆಂದಾಗ ಆ ಹತ್ತನ್ನು ಮತ್ತೆ ಬಿಡಿಸಬಹುದು, ಕಟ್ಟಿದರೂ ಬಿಡಿಸಿದರೂ ಒಟ್ಟು ಎಷ್ಟಿತ್ತೋ ಅಷ್ಟೇ ಇರುತ್ತದೆ ಎಂಬ ತಿಳಿವಳಿಕೆ ಗಟ್ಟಿಯಾಗದಿರುವುದೇ ಬಹಳಷ್ಟು ತೊಡಕುಗಳ ಮೂಲ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯ ಸುತ್ತಲೇ ಇವೆ.

ಮಗು ಇಂತಹ ಲೆಕ್ಕಗಳಿಗೆ ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ?

ಮೊದಲನೆಯದಾಗಿ, 20ರೊಳಗಿನ ಕೂಡುವ ಮತ್ತು ಕಳೆಯುವ ಲೆಕ್ಕಗಳನ್ನು ಮಗು ಹೆಚ್ಚು ಎಣಿಸದೆ ಮಾಡಬಲ್ಲದೇ ಎಂದು ನೋಡಬೇಕು. ಅದರಲ್ಲೂ ಹತ್ತನ್ನು ಮಾಡುವ ಜೋಡಿಗಳು, ಅಂದರೆ 1 ಮತ್ತು 9, 2 ಮತ್ತು 8, 3 ಮತ್ತು 7, 4 ಮತ್ತು 6, 5 ಮತ್ತು 5, ಬಾಯಲ್ಲಿ ತಟ್ಟನೆ ಬರುವಂತಿರಬೇಕು. ಮುಂದಿನ ಪ್ರತಿಯೊಂದು ವಿಧಾನವೂ ಇವುಗಳನ್ನು ಆಧರಿಸಿದೆ.

ಎರಡನೆಯದು ಸ್ಥಾನಬೆಲೆಯ ಅರಿವು. ಇದನ್ನು ಪರೀಕ್ಷಿಸಲು ಒಂದು ಸರಳ ಕ್ರಮವಿದೆ. ಹದಿನಾರು ಕಡ್ಡಿಗಳನ್ನು ಮಗುವಿನ ಮುಂದಿಟ್ಟು ಎಣಿಸಲು ಹೇಳಿ, ಕಾಗದದ ಮೇಲೆ 16 ಎಂದು ಬರೆಯಿಸಿ. ಬಳಿಕ 6 ಎಂಬ ಅಂಕಿಯ ಮೇಲೆ ಬೆರಳಿಟ್ಟು, ಈ ಭಾಗ ಸೂಚಿಸುವಷ್ಟು ಕಡ್ಡಿಗಳನ್ನು ತೋರಿಸು ಎಂದು ಕೇಳಿ. ಮಗು ಆರು ಕಡ್ಡಿಗಳನ್ನು ತೋರಿಸುತ್ತದೆ. ಈಗ 1ರ ಮೇಲೆ ಬೆರಳಿಟ್ಟು ಅದೇ ಪ್ರಶ್ನೆ ಕೇಳಿ. ಅನೇಕ ಮಕ್ಕಳು ಒಂದೇ ಒಂದು ಕಡ್ಡಿಯನ್ನು ಎತ್ತಿ ತೋರಿಸುತ್ತಾರೆ. ಉಳಿದ ಒಂಬತ್ತು ಕಡ್ಡಿಗಳು ಎಲ್ಲಿಗೆ ಸೇರಿದವೆಂಬುದು ಅವರಿಗೆ ಹೊಳೆಯುವುದಿಲ್ಲ. ಹತ್ತು ಕಡ್ಡಿಗಳನ್ನು ತೋರಿಸುವ ಮಗುವಿಗೆ ಎರಡಂಕಿಯ ಲೆಕ್ಕಗಳನ್ನು ಧೈರ್ಯವಾಗಿ ಆರಂಭಿಸಬಹುದು. ಒಂದನ್ನೇ ತೋರಿಸುವ ಮಗುವಿಗೆ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟುವ ಕೆಲಸ ಇನ್ನೂ ಕೆಲವು ವಾರ ಬೇಕು, ಆ ಕಾಲ ವ್ಯರ್ಥವಾಗುವುದಿಲ್ಲ.

"47ರಲ್ಲಿ 4 ಹತ್ತು, 7 ಬಿಡಿ" ಎಂದು ಮಗು ಸರಿಯಾಗಿಯೇ ಹೇಳುತ್ತದೆ. ಆದರೂ ಲೆಕ್ಕದಲ್ಲಿ ತಪ್ಪುತ್ತದೆ. ಏಕೆ?

ಹೀಗೆ ಹೇಳುವುದು ಅಂಕಿಗಳ ಜಾಗವನ್ನು ಹೆಸರಿಸಿದಂತೆ ಮಾತ್ರ; ಅಷ್ಟನ್ನು ಮಗು ಕಂಠಪಾಠದಿಂದಲೂ ಹೇಳಬಹುದು. ಲೆಕ್ಕ ಮಾಡಲು ಬೇಕಾಗುವುದು ಒಂದೇ ಸಂಖ್ಯೆಯನ್ನು ಹಲವು ಬಗೆಯಲ್ಲಿ ಕಾಣುವ ಶಕ್ತಿ. 47 ಎಂದರೆ 4 ಹತ್ತು ಮತ್ತು 7 ಬಿಡಿ. ಅದೇ 47 ಎಂದರೆ 3 ಹತ್ತು ಮತ್ತು 17 ಬಿಡಿ. 2 ಹತ್ತು ಮತ್ತು 27 ಬಿಡಿಯೂ ಹೌದು. ಹತ್ತುಗಳೇ ಇಲ್ಲದ 47 ಬಿಡಿಗಳೂ ಹೌದು. ದಶಕಸಹಿತ ಸಂಕಲನದಲ್ಲಿ ಮಗು 17 ಬಿಡಿಗಳಿಂದ ಒಂದು ಹತ್ತನ್ನು ಕಟ್ಟಿ ಮೇಲಿನ ಸ್ಥಾನಕ್ಕೆ ಕೊಡುತ್ತದೆ. ದಶಕಸಹಿತ ವ್ಯವಕಲನದಲ್ಲಿ ಅದೇ ದಾರಿಯಲ್ಲಿ ಹಿಂದಕ್ಕೆ ನಡೆಯುತ್ತದೆ. ಇವೆರಡೂ ಬೇರೆ ಬೇರೆ ನಿಯಮಗಳಲ್ಲ ಎಂದು ಕಂಡುಕೊಂಡ ಮಗುವಿಗೆ ನೆನಪಿಡಬೇಕಾದದ್ದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಆದ್ದರಿಂದ, ಲೆಕ್ಕಗಳನ್ನು ಕೊಡುವ ಮೊದಲು, "63ನ್ನು ಎಷ್ಟು ಬಗೆಯಲ್ಲಿ ಹತ್ತು ಮತ್ತು ಬಿಡಿಗಳಾಗಿ ಇಡಬಹುದು?" ಎಂಬಂತಹ ಪ್ರಶ್ನೆಗಳನ್ನು ಧಾರಾಳವಾಗಿ ಕೇಳಿ. ಏಳು ಬಗೆಗಳು ಸಿಗುತ್ತವೆ: 6 ಹತ್ತುಗಳಿಂದ ಹಿಡಿದು ಹತ್ತೇ ಇಲ್ಲದ ಬಗೆಯವರೆಗೆ. ಮುಂದೆ ಮೂರಂಕಿಯ ಸಂಖ್ಯೆಗಳಲ್ಲಿ "340ರಲ್ಲಿ ಒಟ್ಟು ಎಷ್ಟು ಹತ್ತುಗಳಿವೆ?" ಎಂದು ಕೇಳಿ. 4 ಎಂಬ ಉತ್ತರ ಬಂದರೆ ಮಗು ಅಂಕಿಯನ್ನು ನೋಡುತ್ತಿದೆ; 34 ಎಂಬ ಉತ್ತರ ಬಂದರೆ ಸಂಖ್ಯೆಯನ್ನು ನೋಡುತ್ತಿದೆ.

ಯಾವ ಕಲಿಕೋಪಕರಣಗಳನ್ನು ಬಳಸಬೇಕು?

ಕಡ್ಡಿಗಳು ಮತ್ತು ಅವನ್ನು ಕಟ್ಟಲು ರಬ್ಬರ್ ಬ್ಯಾಂಡುಗಳು ಆರಂಭಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಮಗ್ರಿ. ಕಟ್ಟುವ ಕೆಲಸವನ್ನೂ ಬಿಡಿಸುವ ಕೆಲಸವನ್ನೂ ಮಗು ತನ್ನ ಕೈಯಾರೆ ಮಾಡುತ್ತದೆ, ಕಟ್ಟಿನೊಳಗೆ ಹತ್ತು ಕಡ್ಡಿಗಳು ಇದ್ದೇ ಇವೆ ಎಂಬುದು ಕಣ್ಣಿಗೆ ಕಾಣುತ್ತಿರುತ್ತದೆ. ಹಂಗೇರಿಯ ಗಣಿತಜ್ಞ ಜೋಲ್ಟನ್ ಡೀನ್ಸ್ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜನಪ್ರಿಯಗೊಳಿಸಿದ ಹತ್ತರ ಬ್ಲಾಕುಗಳು ಇದರ ಮುಂದಿನ ಹಂತ. ಅದರಲ್ಲಿ ಬಿಡಿಗೆ ಪುಟ್ಟ ಘನ, ಹತ್ತಕ್ಕೆ ಪಟ್ಟಿ, ನೂರಕ್ಕೆ ಚೌಕ, ಸಾವಿರಕ್ಕೆ ದೊಡ್ಡ ಘನವಿರುತ್ತದೆ. ಇಲ್ಲಿ ಪಟ್ಟಿಯನ್ನು ಮುರಿಯಲಾಗದು, ಹತ್ತು ಪುಟ್ಟ ಘನಗಳಿಗೆ ಬದಲಾಯಿಸಿಕೊಳ್ಳಬೇಕು. ಹೀಗಾಗಿ ವಿನಿಮಯ ಸರಿಸಮವಾದದ್ದು ಎಂಬ ನಂಬಿಕೆ ಮಗುವಿಗೆ ಮೊದಲೇ ಬಂದಿರಬೇಕು. ಮಣಿಗಳಿರುವ ಚೌಕಟ್ಟು ಇನ್ನೂ ಒಂದು ಹೆಜ್ಜೆ ಮುಂದಿನದು, ಏಕೆಂದರೆ ಅಲ್ಲಿ ಹತ್ತರ ಮಣಿಯೂ ಬಿಡಿಯ ಮಣಿಯೂ ಒಂದೇ ಗಾತ್ರದವು, ಬೆಲೆಯನ್ನು ಸ್ಥಾನವೊಂದೇ ಹೇಳುತ್ತದೆ. ಅದನ್ನೇ ಮೊದಲು ಕೈಗೆ ಕೊಟ್ಟರೆ, ಮಗು ಮಣಿಗಳನ್ನು ಸರಿಸುವುದನ್ನು ಕಲಿತೀತೇ ಹೊರತು ಸ್ಥಾನಬೆಲೆಯನ್ನು ಕಲಿಯುವ ಭರವಸೆಯಿಲ್ಲ.

ಯಾವುದನ್ನೇ ಬಳಸಿದರೂ ವಸ್ತುವಿನ ಕೆಲಸವೂ ಬರವಣಿಗೆಯೂ ಜೊತೆಜೊತೆಯಾಗಿ ಸಾಗಬೇಕು. ಐದು ಕಟ್ಟುಗಳಲ್ಲಿ ಒಂದನ್ನು ಬಿಡಿಸಿದ ಆ ಕ್ಷಣದಲ್ಲೇ ಕಾಗದದ ಮೇಲೂ 5ನ್ನು ಹೊಡೆದು 4 ಎಂದು ಬರೆಯಬೇಕು. ಒಂದು ವಾರವೆಲ್ಲ ಕಡ್ಡಿಗಳಲ್ಲಿ ಆಡಿಸಿ ಮುಂದಿನ ವಾರ ಬರೀ ಅಂಕಿಗಳಿಗೆ ಹಾರಿದರೆ, ಅವೆರಡೂ ಒಂದೇ ಕೆಲಸವೆಂದು ಮಗುವಿಗೆ ತೋರುವುದೇ ಇಲ್ಲ.

ಒಂದರ ಕೆಳಗೊಂದು ಬರೆದು ಮಾಡುವ ವಿಧಾನವನ್ನೇ ಮೊದಲು ಕಲಿಸಬೇಕೇ?

ಬೇಡ ಎಂಬುದು ನಮ್ಮ ಅಭಿಪ್ರಾಯ. ಆ ವಿಧಾನ ಬಹಳ ಚೊಕ್ಕವಾದದ್ದು, ಎಷ್ಟೇ ದೊಡ್ಡ ಸಂಖ್ಯೆಗೂ ಸಲ್ಲುವಂಥದ್ದು, ಅದನ್ನು ಪ್ರತಿ ಮಗುವೂ ಕಲಿಯಲೇಬೇಕು. ಆದರೆ ಪ್ರತಿ ಕಂಬಸಾಲನ್ನೂ ಬರಿಯ ಒಂದಂಕಿಯ ಲೆಕ್ಕವೆಂಬಂತೆ ಮಾಡಲು ಬಿಡುವುದೇ ಅದರ ಅನುಕೂಲ, ಅದೇ ಅದರ ಅಪಾಯ ಕೂಡ: ಸಂಖ್ಯೆ ಎಷ್ಟು ದೊಡ್ಡದು ಎಂಬುದು ಮಗುವಿನ ಗಮನದಿಂದ ಜಾರಿಹೋಗುತ್ತದೆ.

ಮೊದಲು ಸಂಖ್ಯೆಗಳನ್ನು ಅಡ್ಡವಾಗಿ ಬರೆದು ಬಾಯಿಲೆಕ್ಕಕ್ಕೆ ಅವಕಾಶ ಕೊಡಿ. 47 + 38 ಎಂಬುದನ್ನು ಒಂದು ಮಗು 40 ಮತ್ತು 30 ಸೇರಿ 70, 7 ಮತ್ತು 8 ಸೇರಿ 15, ಒಟ್ಟು 85 ಎಂದು ಮಾಡುತ್ತದೆ. ಇನ್ನೊಂದು 47ನ್ನು ಹಾಗೆಯೇ ಇಟ್ಟುಕೊಂಡು 57, 67, 77 ಎಂದು ಹತ್ತು ಹತ್ತಾಗಿ ಮುಂದೆ ಹೋಗಿ, ಕೊನೆಗೆ 8ನ್ನು ಸೇರಿಸುತ್ತದೆ. ಮತ್ತೊಂದು 38ರ ಬದಲು 40ನ್ನು ಕೂಡಿ, ಹೆಚ್ಚಾದ 2ನ್ನು ಹಿಂತೆಗೆಯುತ್ತದೆ. ಎರಡನೆಯ ಬಗೆಗೆ ಅಂಕಿಗಳಿಲ್ಲದ ಖಾಲಿ ಸಂಖ್ಯಾರೇಖೆಯೊಂದು ಒಳ್ಳೆಯ ಆಸರೆ: ಮಗು ತಾನೇ ಗೆರೆ ಎಳೆದು, ತಾನಿಡುವ ಜಿಗಿತಗಳನ್ನು ಮಾತ್ರ ಗುರುತಿಸುತ್ತದೆ. ಈ ಮೂರನ್ನೂ ಮೂರು ಪಾಠಗಳಾಗಿ ಬಾಯಿಪಾಠ ಮಾಡಿಸಬೇಕಾಗಿಲ್ಲ. ನೀನು ಹೇಗೆ ಮಾಡಿದೆ ಎಂದು ಕೇಳಿ, ಒಬ್ಬರ ಬಗೆಯನ್ನು ಇನ್ನೊಬ್ಬರು ವಿವರಿಸುವಂತೆ ಮಾಡಿದರೆ ಸಾಕು. 100ರೊಳಗೆ ಹೀಗೆ ನೆಮ್ಮದಿಯಾಗಿ ಓಡಾಡಬಲ್ಲ ಮಗುವಿಗೆ ಬರವಣಿಗೆಯ ವಿಧಾನ ಕೆಲವೇ ಪಾಠಗಳಲ್ಲಿ ಒಗ್ಗುತ್ತದೆ.

"ಐದು ಬರೆದು ಒಂದು ಕೈಗೆ" ಎಂಬುದನ್ನು ಅರ್ಥವಾಗುವಂತೆ ಹೇಳುವುದು ಹೇಗೆ?

ಬಾಯಿಲೆಕ್ಕಕ್ಕೂ ಅಂತಿಮ ವಿಧಾನಕ್ಕೂ ನಡುವೆ ಒಂದು ಮೆಟ್ಟಿಲನ್ನು ಇಡಿ. 48 + 37 ಎಂಬುದನ್ನು ಒಂದರ ಕೆಳಗೊಂದು ಬರೆಸಿ, ಬಿಡಿಗಳ ಮೊತ್ತ 15ನ್ನು ಒಂದು ಸಾಲಿನಲ್ಲಿಯೂ ಹತ್ತುಗಳ ಮೊತ್ತ 70ನ್ನು ಅದರ ಕೆಳಗಿನ ಸಾಲಿನಲ್ಲಿಯೂ ಪೂರ್ತಿಯಾಗಿ ಬರೆಸಿ, ಎರಡನ್ನೂ ಕೂಡಿಸಿ. ಇಲ್ಲಿ ಯಾವುದನ್ನೂ ಕೈಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಕೆಲವು ದಿನಗಳ ಬಳಿಕ, ಆ 15ರೊಳಗಿನ ಹತ್ತನ್ನು ಕೆಳಗಿನ ಸಾಲಿನವರೆಗೆ ಕಾಯಿಸದೆ ನೇರವಾಗಿ ಹತ್ತರ ಸ್ಥಾನದ ಮೇಲೆ ಗುರುತಿಸಿದರೆ ಬರವಣಿಗೆ ಉಳಿಯುತ್ತದೆ ಎಂದು ತೋರಿಸಿ. ಆಗ ಮೇಲೆ ಬರೆದ ಆ ಪುಟ್ಟ 1 ಎಲ್ಲಿಂದ ಬಂತು, ಅದರ ಬೆಲೆ ಎಷ್ಟು ಎಂಬುದು ಮಗುವಿಗೆ ತಿಳಿದಿರುತ್ತದೆ.

ಈ ಮೆಟ್ಟಿಲನ್ನು ಬಿಟ್ಟು ಹಾರಿದ ಮಕ್ಕಳ ಪುಸ್ತಕಗಳಲ್ಲಿ ಎರಡು ತಪ್ಪುಗಳು ಸಾಮಾನ್ಯ. 48 + 37 = 715 ಎಂದು ಎರಡೂ ಮೊತ್ತಗಳನ್ನು ಪಕ್ಕಪಕ್ಕ ಬರೆಯುವುದು ಒಂದು; 15ರಲ್ಲಿ 1ನ್ನು ಬರೆದು 5ನ್ನು ಕೈಗೆ ತೆಗೆದುಕೊಳ್ಳುವುದು ಇನ್ನೊಂದು. ಕೈಗೆ ಬರುವುದು ಯಾವಾಗಲೂ ಒಂದೇ ಎಂದು ನಂಬಿರುವ ಮಕ್ಕಳೂ ಇದ್ದಾರೆ. ಅವರಿಗೆ 28 + 39 + 47 ಕೊಟ್ಟು ನೋಡಿ. ಬಿಡಿಗಳು ಸೇರಿ 24 ಆಗುವುದರಿಂದ ಕೊಡಬೇಕಾದದ್ದು ಎರಡು ಹತ್ತು, ಉತ್ತರ 114.

ವ್ಯವಕಲನ ಮಕ್ಕಳಿಗೆ ಇಷ್ಟು ಕಷ್ಟವಾಗುವುದೇಕೆ?

ಸಂಕಲನದಲ್ಲಿ ಸಂಖ್ಯೆಗಳ ಕ್ರಮ ಬದಲಾದರೂ ಉತ್ತರ ಬದಲಾಗುವುದಿಲ್ಲ, ವ್ಯವಕಲನದಲ್ಲಿ ಹಾಗಲ್ಲ. ಸಂಕಲನದಲ್ಲಿ ರೂಢಿಯಾದ ಆ ಸ್ವಾತಂತ್ರ್ಯವನ್ನು ಮಗು ಇಲ್ಲಿಗೂ ತರುತ್ತದೆ. 52ರಿಂದ 27ನ್ನು ಕಳೆಯುವಾಗ, ಬಿಡಿ ಸ್ಥಾನದಲ್ಲಿ 2 ಮತ್ತು 7 ಇರುವುದನ್ನು ಕಂಡು, ದೊಡ್ಡದರಿಂದ ಚಿಕ್ಕದನ್ನು ಕಳೆದು 5 ಎಂದು ಬರೆಯುತ್ತದೆ. ಉತ್ತರ 35 ಆಗುತ್ತದೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲಿ ಮಕ್ಕಳ ಇಂತಹ ತಪ್ಪುಗಳನ್ನು ಕಂಪ್ಯೂಟರಿನ ನೆರವಿನಿಂದ ವಿಶ್ಲೇಷಿಸಿ, ಅವು ಬೇಕಾಬಿಟ್ಟಿಯಾಗಿ ಆದವುಗಳಲ್ಲ, ಮಗು ತನ್ನದೇ ಆದ ಒಂದು ನಿಯಮವನ್ನು ಶಿಸ್ತಿನಿಂದ ಪಾಲಿಸುವುದರ ಫಲ ಎಂದು ತೋರಿಸಿದರು. ಚಿಕ್ಕದನ್ನು ದೊಡ್ಡದರಿಂದ ಕಳೆಯುವ ಈ ತಪ್ಪು ಅವರ ಪಟ್ಟಿಯಲ್ಲಿಯೂ ಇದೆ. ನಮಗೆ ಇದು ಬಹಳ ಮುಖ್ಯವಾದ ಮಾತಾಗಿ ಕಾಣುತ್ತದೆ: ನಿಯಮ ಪಾಲಿಸುತ್ತಿರುವ ಮಗುವಿಗೆ "ಗಮನವಿಟ್ಟು ಮಾಡು" ಎಂದು ಹೇಳಿ ಪ್ರಯೋಜನವಿಲ್ಲ, ಅದು ಗಮನವಿಟ್ಟೇ ಮಾಡಿದೆ.

ಬದಲಿಗೆ, ಬಂದ ಉತ್ತರವನ್ನು ಮಗುವೇ ಪರೀಕ್ಷಿಸಲಿ. 35ಕ್ಕೆ 27ನ್ನು ಕೂಡಿದರೆ 62 ಬರುತ್ತದೆ, 52 ಅಲ್ಲ. ಎಲ್ಲಿಯೋ ಹತ್ತು ಹೆಚ್ಚಾಗಿದೆ ಎಂದು ಅದಕ್ಕೇ ಕಂಡಾಗ, ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಮುಂದಿಟ್ಟು 27ನ್ನು ಎತ್ತಿಕೊಡಲು ಹೇಳಿ. ಏಳು ಬಿಡಿ ಕಡ್ಡಿಗಳನ್ನು ಕೊಡಲು ಕಟ್ಟನ್ನು ಬಿಡಿಸದೆ ದಾರಿಯೇ ಇಲ್ಲ. ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ: "2ರಿಂದ 7ನ್ನು ಕಳೆಯಲಾಗದು" ಎಂದು ಕಲಿಸಬೇಡಿ. ಋಣ ಸಂಖ್ಯೆಗಳನ್ನು ಕಲಿಯುವಾಗ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. "ಇಲ್ಲಿ ಬಿಡಿಗಳು ಸಾಕಾಗುವುದಿಲ್ಲ" ಎಂದರೆ ಸಾಕು.

ಇದಲ್ಲದೆ, ಕಳೆಯುವುದೆಂದರೆ ತೆಗೆದುಹಾಕುವುದು ಮಾತ್ರವಲ್ಲ, ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಕಾಣುವುದೂ ಹೌದು ಎಂಬುದನ್ನು ಮಕ್ಕಳಿಗೆ ಬೇಗನೆ ತಿಳಿಸಬೇಕು. 83 − 47 ಎಂಬಲ್ಲಿ 47ರಿಂದ 50ಕ್ಕೆ 3, ಅಲ್ಲಿಂದ 80ಕ್ಕೆ 30, ಅಲ್ಲಿಂದ 83ಕ್ಕೆ 3, ಒಟ್ಟು 36 ಎಂದು ಮೇಲಕ್ಕೆ ಎಣಿಸಬಹುದು. 402 − 398 ಎಂಬ ಲೆಕ್ಕವನ್ನು ಅಂಕಿಗಳನ್ನು ಹೊಡೆದು ತಿದ್ದಿ ಮಾಡುವ ಮಗುವಿಗೆ, ಅವೆರಡೂ ಸಂಖ್ಯಾರೇಖೆಯ ಮೇಲೆ ಎಷ್ಟು ಹತ್ತಿರದಲ್ಲಿವೆ ಎಂದು ತೋರಿಸಿದರೆ ಉತ್ತರ 4 ಎಂಬುದು ತಾನಾಗಿಯೇ ಹೊಳೆಯುತ್ತದೆ.

ನಾವು ಕಲಿತ ರೀತಿ ಬೇರೆ, ಶಾಲೆಯಲ್ಲಿ ಕಲಿಸುವ ರೀತಿ ಬೇರೆ. ಯಾವುದನ್ನು ಅನುಸರಿಸಬೇಕು?

ಶಾಲೆಯ ರೀತಿಯನ್ನು. 83 − 47ರಲ್ಲಿ ಒಂದು ಹತ್ತನ್ನು ಬಿಡಿಸಿ 70 ಮತ್ತು 13 ಮಾಡಿಕೊಳ್ಳುವುದು ಈಗ ಹೆಚ್ಚು ಪ್ರಚಲಿತ. ಇದನ್ನೇ ಬಹಳ ಮಂದಿ ಸಾಲ ತರುವುದು ಎನ್ನುತ್ತಾರೆ. ಹಿಂದೆ ಕಲಿತ ಕೆಲವರು ಮೇಲಿನ 3ನ್ನು 13 ಮಾಡಿ, ಕೆಳಗಿನ 4ನ್ನು 5 ಮಾಡಿ ಕಳೆಯುತ್ತಾರೆ. ಅದೂ ಸರಿಯೇ: ಎರಡೂ ಸಂಖ್ಯೆಗಳಿಗೆ ಹತ್ತನ್ನೇ ಸೇರಿಸಿರುವುದರಿಂದ ಅಂತರ ಬದಲಾಗುವುದಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕ ವಿಲಿಯಂ ಬ್ರೌನೆಲ್ ಮತ್ತು ಅವರ ಸಹೋದ್ಯೋಗಿ 1949ರಲ್ಲಿ ಪ್ರಕಟಿಸಿದ ಅಧ್ಯಯನ ಈ ಎರಡು ವಿಧಾನಗಳನ್ನು ಮೂರನೆಯ ತರಗತಿಯ ಮಕ್ಕಳಲ್ಲಿ ಹೋಲಿಸಿತು. ಕಾರಣವನ್ನು ತಿಳಿಸಿ ಕಲಿಸಿದಾಗ, ಹತ್ತನ್ನು ಬಿಡಿಸುವ ವಿಧಾನ ಮಕ್ಕಳಿಗೆ ಹೆಚ್ಚು ನೆರವಾಯಿತೆಂದು ಅವರು ಕಂಡರು. ಏನೇ ಇರಲಿ, ಮನೆಯಲ್ಲೊಂದು ಶಾಲೆಯಲ್ಲೊಂದು ಎಂದು ಎರಡನ್ನೂ ಒಟ್ಟಿಗೆ ಕಲಿಸಿದರೆ ಮಗು ಮೇಲಿನ ಹತ್ತನ್ನೂ ಕಡಿಮೆ ಮಾಡಿ ಕೆಳಗಿನದನ್ನೂ ಹೆಚ್ಚಿಸಿ, ಉತ್ತರವನ್ನು ಹತ್ತರಷ್ಟು ಕಡಿಮೆ ಪಡೆಯುತ್ತದೆ. ನಿಮ್ಮ ವಿಧಾನವನ್ನು ತೋರಿಸುವ ಆಸೆಯಿದ್ದರೆ, ಶಾಲೆಯ ವಿಧಾನ ಗಟ್ಟಿಯಾದ ಮೇಲೆ ತೋರಿಸಿ.

ನಡುವೆ ಸೊನ್ನೆ ಇರುವ ಸಂಖ್ಯೆಗಳಿಂದ ಕಳೆಯುವಾಗ ಮಗು ಪ್ರತಿ ಸಲವೂ ತಪ್ಪುತ್ತದೆ. ಏನು ಮಾಡಬೇಕು?

503 − 267 ಎಂಬ ಲೆಕ್ಕವನ್ನು ನೋಡೋಣ. ಹತ್ತರ ಸ್ಥಾನದಲ್ಲಿ ಸೊನ್ನೆ ಇರುವುದರಿಂದ ಕೆಲವು ಮಕ್ಕಳು ನೇರವಾಗಿ ನೂರರ ಸ್ಥಾನಕ್ಕೆ ಹೋಗಿ, 5ನ್ನು 4 ಮಾಡಿ, ಬಿಡಿಯನ್ನು 13 ಮಾಡುತ್ತಾರೆ. ಬಳಿಕ ಹತ್ತರ ಸ್ಥಾನಕ್ಕೆ ಬಂದಾಗ ಅಲ್ಲಿ ಏನೂ ಇಲ್ಲದೆ, ಮತ್ತೊಮ್ಮೆ ನೂರರಿಂದ ತಂದು, ಕೊನೆಗೆ 146 ಎಂಬ ಉತ್ತರಕ್ಕೆ ತಲುಪುತ್ತಾರೆ. ಸರಿಯಾದ ಉತ್ತರ 236. ವ್ಯತ್ಯಾಸ 90, ಮತ್ತು ಆ 90 ಎಲ್ಲಿ ಹೋಯಿತೆಂಬುದೇ ಇಲ್ಲಿನ ಪಾಠ: ಮಗು ನೂರನ್ನು ಬಿಡಿಸಿತು, ಅದರಲ್ಲಿ ಹತ್ತನ್ನು ಮಾತ್ರ ಬಿಡಿ ಸ್ಥಾನಕ್ಕೆ ಕೊಟ್ಟಿತು, ಉಳಿದ ಒಂಬತ್ತು ಹತ್ತುಗಳನ್ನು ಎಲ್ಲಿಯೂ ಬರೆಯಲಿಲ್ಲ.

ಇದಕ್ಕೆ ಎರಡು ಪರಿಹಾರಗಳಿವೆ. ನೂರನ್ನು ಹತ್ತು ಹತ್ತುಗಳಾಗಿ, ಅವುಗಳಲ್ಲೊಂದನ್ನು ಹತ್ತು ಬಿಡಿಗಳಾಗಿ, ಹಂತ ಹಂತವಾಗಿ ಬ್ಲಾಕುಗಳಲ್ಲಿ ಬದಲಾಯಿಸುವುದು ಮೊದಲನೆಯದು. ಎರಡನೆಯದು ನಮಗೆ ಹೆಚ್ಚು ಪ್ರಿಯವಾದದ್ದು. 503ನ್ನು 50 ಹತ್ತು ಮತ್ತು 3 ಬಿಡಿ ಎಂದು ಓದಿಸಿ. 50 ಹತ್ತುಗಳಲ್ಲಿ ಒಂದನ್ನು ಬಿಡಿಸಿದರೆ ಉಳಿಯುವುದು 49 ಹತ್ತು, ಬಿಡಿಗಳು 13. ಒಂದೇ ಹೆಜ್ಜೆಯಲ್ಲಿ 4, 9, 13 ಎಂದು ಬರೆದಾಯಿತು. 340ರಲ್ಲಿ 34 ಹತ್ತುಗಳನ್ನು ಕಂಡ ಮಗುವಿಗೆ ಇದು ಹೊಸದೇನೂ ಅಲ್ಲ.

1000 − 456ರಂತಹ ಲೆಕ್ಕಗಳಿಗೆ ಇನ್ನೂ ಸುಲಭದ ದಾರಿಯಿದೆ. ಎರಡೂ ಸಂಖ್ಯೆಗಳಿಂದ ಒಂದೊಂದನ್ನು ಕಡಿಮೆ ಮಾಡಿದರೆ 999 − 455 ಆಗುತ್ತದೆ. ಅಂತರ ಅಷ್ಟೇ ಉಳಿಯುತ್ತದೆ, ಯಾವ ಸ್ಥಾನವನ್ನೂ ಬಿಡಿಸಬೇಕಾಗಿಲ್ಲ, ಉತ್ತರ 544.

ಎಡಗಡೆಯಿಂದ ಕೂಡುತ್ತಾ ಬರುವುದು ತಪ್ಪೇ?

ತಪ್ಪಲ್ಲ. ದೊಡ್ಡ ಸ್ಥಾನದಿಂದ ಆರಂಭಿಸುವುದು ಬಾಯಿಲೆಕ್ಕದಲ್ಲಿ ಸಹಜ, ಉತ್ತರದ ಗಾತ್ರವೂ ಮೊದಲೇ ತಿಳಿಯುತ್ತದೆ. ಬರೆಯುವಾಗ ಬಲಗಡೆಯಿಂದ ಆರಂಭಿಸುವುದು ಬರೆದದ್ದನ್ನು ಮತ್ತೆ ತಿದ್ದುವ ಕೆಲಸ ಬಾರದಿರಲಿ ಎಂದು.

ಮಗು ಇನ್ನೂ ಬೆರಳೆಣಿಸುತ್ತದೆ. ತಡೆಯಬೇಕೇ?

ತಡೆಯಬೇಡಿ, ತಡೆದರೆ ಮೇಜಿನ ಕೆಳಗೆ ಕೈಯಿಟ್ಟು ಎಣಿಸುತ್ತದೆ, ಅಷ್ಟೇ. ಆದರೆ 8 + 7ಕ್ಕೆ ಒಂದರಿಂದ ಎಣಿಸುತ್ತಿದ್ದರೆ ಮೂಲ ಜೋಡಿಗಳ ಅಭ್ಯಾಸ ಸಾಲದು ಎಂದರ್ಥ. 7ರಲ್ಲಿ 2ನ್ನು 8ಕ್ಕೆ ಕೊಟ್ಟು ಹತ್ತು ಮಾಡಿ, ಉಳಿದ 5ನ್ನು ಸೇರಿಸುವ ಬಗೆಯನ್ನು ತೋರಿಸಿ. ಬೆರಳುಗಳ ಅಗತ್ಯ ಕ್ರಮೇಣ ತಾನಾಗಿಯೇ ಕಡಿಮೆಯಾಗುತ್ತದೆ.

ಲೆಕ್ಕ ಗೊತ್ತಿದ್ದರೂ ಅಂಕಿಗಳನ್ನು ಓರೆಕೋರೆಯಾಗಿ ಬರೆದು ತಪ್ಪುತ್ತದೆ. ಏನು ಉಪಾಯ?

ಚೌಕಳಿ ಗೆರೆಗಳ ಪುಸ್ತಕ ಕೊಡಿ, ಒಂದು ಚೌಕಕ್ಕೆ ಒಂದು ಅಂಕಿ. 47 + 5ನ್ನು 97 ಎಂದು ಬರೆಯುವ ಮಗು 5ನ್ನು ಹತ್ತರ ಸ್ಥಾನದ ಕೆಳಗೆ ಇಟ್ಟಿರುತ್ತದೆ. ಚೌಕಗಳು ಸಾಲನ್ನು ನೇರಗೊಳಿಸುತ್ತವೆ, ಆದರೆ 5 ಯಾವ ಸಾಲಿಗೆ ಸೇರಬೇಕೆಂದು ಅವು ಹೇಳಲಾರವು. ಆದ್ದರಿಂದ ಬರೆಯುವ ಮೊದಲು ಪ್ರತಿ ಅಂಕಿಯ ಬೆಲೆಯನ್ನು ಒಮ್ಮೆ ಬಾಯಲ್ಲಿ ಹೇಳಿಸಿ.

ಉತ್ತರ ಸರಿಯೇ ಎಂದು ಮಗು ತಾನೇ ನೋಡಿಕೊಳ್ಳುವುದನ್ನು ಕಲಿಸಬಹುದೇ?

ಖಂಡಿತ ಕಲಿಸಬಹುದು, ಮೊದಲ ದಿನದಿಂದಲೇ ಕಲಿಸಬೇಕು. ಲೆಕ್ಕ ಮಾಡುವ ಮುನ್ನ ಅಂದಾಜು, ಮಾಡಿದ ನಂತರ ತಾಳೆ. 398 + 247 ಎಂಬಲ್ಲಿ 400 ಮತ್ತು 250 ಸೇರಿದರೆ 650ರ ಆಸುಪಾಸು ಎಂದು ಮೊದಲೇ ಹೇಳಿದ ಮಗುವಿಗೆ 545 ಎಂಬ ಉತ್ತರ ಬಂದೊಡನೆ ಅನುಮಾನ ಹುಟ್ಟುತ್ತದೆ, ಅದು ಹಿಂದಿರುಗಿ ನೋಡಿ 645ಕ್ಕೆ ತಿದ್ದುತ್ತದೆ. ವ್ಯವಕಲನದ ತಾಳೆ ಸಂಕಲನದಿಂದ: ಉತ್ತರಕ್ಕೆ ಕಳೆದ ಸಂಖ್ಯೆಯನ್ನು ಕೂಡಿದರೆ ಮೊದಲಿನ ಸಂಖ್ಯೆ ಬರಲೇಬೇಕು. ಈ ರೂಢಿಯಿಂದ ಮಗು ಪ್ರತಿ ಲೆಕ್ಕಕ್ಕೂ ದೊಡ್ಡವರ ಮುಖ ನೋಡುವುದು ತಪ್ಪುತ್ತದೆ.

ಬರಿಯ ಲೆಕ್ಕ ಮಾಡುತ್ತದೆ, ವಾಕ್ಯರೂಪದ ಲೆಕ್ಕ ಬಂದರೆ ಕೂಡಬೇಕೋ ಕಳೆಯಬೇಕೋ ಎಂದು ಕೇಳುತ್ತದೆ. ಏಕೆ?

"ಹೆಚ್ಚು ಎಂದಿದ್ದರೆ ಕೂಡು, ಕಡಿಮೆ ಎಂದಿದ್ದರೆ ಕಳೆ" ಎಂದು ಕಲಿಸಿರುವುದು ಆಗಾಗ್ಗೆ ಇದಕ್ಕೆ ಕಾರಣ. "ಒಂದು ಪುಸ್ತಕದಲ್ಲಿ 236 ಪುಟಗಳಿವೆ. ಇದು ಇನ್ನೊಂದು ಪುಸ್ತಕಕ್ಕಿಂತ 48 ಪುಟ ಹೆಚ್ಚು. ಇನ್ನೊಂದರಲ್ಲಿ ಎಷ್ಟು ಪುಟಗಳಿವೆ?" ಎಂಬಲ್ಲಿ ಹೆಚ್ಚು ಎಂಬ ಮಾತಿದ್ದರೂ ಕಳೆಯಬೇಕು, ಉತ್ತರ 188. ಪದಗಳನ್ನು ಹುಡುಕುವ ಬದಲು ಎರಡು ಪಟ್ಟಿಗಳ ಚಿತ್ರ ಬರೆಸಿ, ಒಂದು ಉದ್ದ, ಒಂದು ಗಿಡ್ಡ. ಯಾವ ಪುಸ್ತಕ ದೊಡ್ಡದು, ಗೊತ್ತಿಲ್ಲದ್ದು ಯಾವುದು ಎಂದು ಕೇಳಿ. ಸಂಖ್ಯೆಗಳನ್ನು ಮುಚ್ಚಿಟ್ಟು ಕಥೆಯನ್ನಷ್ಟೇ ಮಗುವಿನ ಮಾತಿನಲ್ಲಿ ಹೇಳಿಸುವುದೂ ಬಹಳ ಪರಿಣಾಮಕಾರಿ.

ದಿನಕ್ಕೆ ಎಷ್ಟು ಲೆಕ್ಕ ಮಾಡಿಸಬೇಕು? ಸಮಯ ಇಟ್ಟು ಮಾಡಿಸಬೇಕೇ?

ಒಂದೇ ಬಗೆಯ ಮೂವತ್ತು ಲೆಕ್ಕಗಳಿಗಿಂತ ಬೇರೆ ಬೇರೆ ಬಗೆಯ ಐದಾರು ಲೆಕ್ಕಗಳು ಮೇಲು. ಅವುಗಳಲ್ಲಿ ಸಂಕಲನವೂ ವ್ಯವಕಲನವೂ ಬೆರೆತಿರಲಿ, ಹತ್ತನ್ನು ಬಿಡಿಸುವ ಅಗತ್ಯವಿಲ್ಲದ 68 − 25ರಂಥವೂ ಇರಲಿ. ಇಲ್ಲದಿದ್ದರೆ ಮಗು ಪ್ರತಿ ಲೆಕ್ಕದಲ್ಲೂ ಯೋಚಿಸದೆ ಅಂಕಿಗಳನ್ನು ಹೊಡೆಯುತ್ತಾ ಹೋಗುತ್ತದೆ. ವಿಧಾನ ಇನ್ನೂ ಕಲಿಕೆಯಲ್ಲಿರುವಾಗ ಗಡಿಯಾರವನ್ನು ಮುಂದಿಡುವುದು ಖಂಡಿತ ಬೇಡ.

ಎಷ್ಟು ಕಲಿಸಿದರೂ ಬರುತ್ತಿಲ್ಲವಾದರೆ ಯಾವಾಗ ತಜ್ಞರ ಬಳಿ ಹೋಗಬೇಕು?

ಮೊದಲು ಕಣ್ಣು ಮತ್ತು ಕಿವಿಯ ತೊಂದರೆಗಳಿಲ್ಲವೆಂದು ಖಚಿತಪಡಿಸಿಕೊಳ್ಳಿ. ಜೊತೆಯ ಮಕ್ಕಳು ಬಹಳ ಮುಂದೆ ಹೋದ ಮೇಲೂ ಮಗು ಎರಡು ಸಂಖ್ಯೆಗಳಲ್ಲಿ ದೊಡ್ಡದು ಯಾವುದೆಂದು ಹೇಳಲು ತಿಣುಕುವುದು, ನಿನ್ನೆ ಚೆನ್ನಾಗಿ ಮಾಡಿದ ಒಂದಂಕಿಯ ಲೆಕ್ಕವನ್ನು ಇಂದು ಪೂರ್ತಿ ಮರೆತಿರುವುದು, ಹಿಮ್ಮುಖವಾಗಿ ಎಣಿಸಲಾಗದಿರುವುದು, ಗಡಿಯಾರ ನೋಡುವುದರಲ್ಲಿಯೂ ಇದೇ ಬಗೆಯ ತೊಡಕು ಕಾಣುವುದು, ಇವೆಲ್ಲ ಒಟ್ಟಾಗಿ ಹಲವು ತಿಂಗಳು ಮುಂದುವರಿದರೆ ಡಿಸ್ಕ್ಯಾಲ್ಕುಲಿಯಾ ಎಂಬ ಕಲಿಕಾ ತೊಂದರೆ ಇರಬಹುದು. ಇದಕ್ಕೂ ಬುದ್ಧಿಮಟ್ಟಕ್ಕೂ ಸಂಬಂಧವಿಲ್ಲ. ಭಾಷೆಯಲ್ಲಿ, ಚಿತ್ರಕಲೆಯಲ್ಲಿ ಬಹಳ ಮುಂದಿರುವ ಮಕ್ಕಳಲ್ಲಿಯೂ ಇದು ಕಾಣುತ್ತದೆ. ಮೊದಲು ತರಗತಿಯ ಶಿಕ್ಷಕರೊಂದಿಗೆ ಮಾತನಾಡಿ, ಬಳಿಕ ಮಕ್ಕಳ ಮನಶ್ಶಾಸ್ತ್ರಜ್ಞರಿಂದ ಪರೀಕ್ಷೆ ಮಾಡಿಸಿ. ಹೋಗುವಾಗ ಮಗುವಿನ ಲೆಕ್ಕದ ಪುಸ್ತಕವನ್ನು ತಪ್ಪುಗಳನ್ನು ಅಳಿಸದೆ, ತಿದ್ದದೆ ಹಾಗೆಯೇ ತೆಗೆದುಕೊಂಡು ಹೋಗಿ. ಮಗು ಎಲ್ಲಿ ಹೇಗೆ ಯೋಚಿಸಿದೆ ಎಂಬುದನ್ನು ಅಂಕಪಟ್ಟಿಗಿಂತ ಆ ತಪ್ಪುಗಳೇ ಅವರಿಗೆ ಸ್ಪಷ್ಟವಾಗಿ ತಿಳಿಸುತ್ತವೆ.